ಪಿಕಪ್ ಹೆಚ್ಚಿಸುವ ಪೆಟ್ಟಿಗೆ: ಹಣಕ್ಕೆ ತಕ್ಕ ಫಲವುಂಟೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ – ಕಲಬುರಗಿ ಜಿಲ್ಲೆಯ ಈ ಐದು ಊರುಗಳಲ್ಲಿ ಯಾವ ಊರಿಗೆ ಹೋದರೂ ಕಾರಿನ ಗುಣವನ್ನು ಜನ ಒಂದೇ ಶಬ್ದದಿಂದ ಅಳೆಯುತ್ತಾರೆ. ಆ ಶಬ್ದ 'ಪಿಕಪ್'. "ಪಿಕಪ್ ಛಲೋ ಅದ" ಎಂದರೆ ಗಾಡಿಗೆ ಬೇರೆ ಪ್ರಶಸ್ತಿಪತ್ರ ಬೇಡ. "ಪಿಕಪ್ ಇಲ್ಲ" ಎಂದರೆ ಅದರ ಉಳಿದ ಗುಣಗಳೆಲ್ಲ ಮಣ್ಣುಪಾಲು. ಜನರ ಈ ಆಸೆಯನ್ನೇ ನಂಬಿ ಒಂದು ಚಿಕ್ಕ ಪೆಟ್ಟಿಗೆ ಈಚಿನ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದಿದೆ. ಥ್ರಾಟಲ್ ಕಂಟ್ರೋಲರು ಎಂಬುದು ಅದರ ಹೆಸರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಈ ಉಪಕರಣವನ್ನು ಆಕ್ಸಿಲರೇಟರ್ ಪೆಡಲಿನ ತಂತಿಗೆ ಸಿಕ್ಕಿಸಿದರೆ ಸಾಕು, ಮಂದವಾಗಿದ್ದ ಗಾಡಿ ಚುರುಕಾಗುವುದೆಂದು ಮಾರುವವರು ಹೇಳುತ್ತಾರೆ. ಬೆಲೆ ಕೆಲವು ಸಾವಿರ ರೂಪಾಯಿ. ಇದನ್ನು ಕೊಳ್ಳುವುದು ತಕ್ಕದ್ದೆ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಸೇಡಂನಲ್ಲಿರುವ ನನ್ನ ಸೋದರಳಿಯನೊಬ್ಬ ತನ್ನ ಡೀಸೆಲ್ ಕಾರಿಗೆ ಅಂಥ ಪೆಟ್ಟಿಗೆಯೊಂದನ್ನು ಹಾಕಿಸಿಕೊಂಡು ಬಂದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. "ಮಾಮಾ, ಈಗ ನೋಡ್ರಿ, ಕಾಲ್ ಇಟ್ಟರ ಸಾಕು, ಗಾಡಿ ಜಿಗೀತದ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಗಾಡಿ ನಿಜವಾಗಿಯೂ ಜಿಗಿಯಿತು. ನಮ್ಮ ಅನುಭವಕ್ಕೆ ಬಂದುದನ್ನು ಅಲ್ಲಗಳೆಯುವುದು ವಿಜ್ಞಾನವಲ್ಲ. ಆದರೆ ಅನುಭವಕ್ಕೆ ಕಾರಣ ಯಾವುದೆಂದು ಕೇಳದೆ ಬಿಡುವುದೂ ವಿಜ್ಞಾನವಲ್ಲ. ಆದುದರಿಂದ ಮೊದಲು ಪೆಡಲಿಗೂ ಎಂಜಿನಿಗೂ ನಡುವೆ ಏನಿದೆಯೆಂಬುದನ್ನು ನೋಡಬೇಕು.

ಹಳೆಯ ಕಾರುಗಳಲ್ಲಿ ಪೆಡಲಿನಿಂದ ಎಂಜಿನಿಗೆ ಒಂದು ಉಕ್ಕಿನ ಕೇಬಲು ಹೋಗುತ್ತಿತ್ತು. ಕಾಲು ಒತ್ತಿದರೆ ಕೇಬಲು ಎಳೆಯುತ್ತಿತ್ತು. ಕೇಬಲು ಎಳೆದರೆ ಗಾಳಿ ಹೋಗುವ ದಾರಿಯಲ್ಲಿರುವ ಥ್ರಾಟಲ್ ಕವಾಟವೆಂಬ ದುಂಡು ತಗಡು ತಿರುಗಿ ದಾರಿ ತೆರೆಯುತ್ತಿತ್ತು. ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಅದಕ್ಕೆ ಬೇಕಾದ ಗಾಳಿ ಸ್ವಲ್ಪವೇ. ಆದ್ದರಿಂದ ಕವಾಟ ತುಸು ತೆರೆದರೂ ಬೇಕಾದುದರಲ್ಲಿ ಬಹುಪಾಲು ಒಳಗೆ ಬಂದುಬಿಡುತ್ತಿತ್ತು. ಆ ಗಾಡಿಗಳು ಕಾಲಿಗೆ ಕೂಡಲೇ ಓಗೊಡುತ್ತಿದ್ದವೆಂದು ಹಿರಿಯ ಚಾಲಕರು ನೆನೆಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗಿನ ಕಾರುಗಳಲ್ಲಿ ಆ ಕೇಬಲು ಇಲ್ಲ. ಪೆಡಲಿನ ಬುಡದಲ್ಲಿ ಸೆನ್ಸರುಗಳಿವೆ. ಪೆಡಲು ಎಷ್ಟು ಕೆಳಗಿಳಿದಿದೆ ಎಂಬುದನ್ನು ಅವು ವಿದ್ಯುತ್ತಿನ ಒತ್ತಡವಾಗಿ, ಎಂದರೆ ವೋಲ್ಟುಗಳಾಗಿ ಮಾರ್ಪಡಿಸಿ, ಮೆಕ್ಯಾನಿಕರು ಇ.ಸಿ.ಯು. ಎಂದು ಕರೆಯುವ ಗಣಕಕ್ಕೆ ತಿಳಿಸುತ್ತವೆ. ಗಣಕವು ಎಂಜಿನಿನ ವೇಗ, ಉಷ್ಣತೆ, ಹಾಕಿರುವ ಗೇರು, ಒಳಬರುತ್ತಿರುವ ಗಾಳಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪೆಟ್ರೋಲ್ ಗಾಡಿಯಾದರೆ ಗಾಳಿಯ ಕವಾಟವನ್ನು ಎಷ್ಟು ತೆರೆಯಬೇಕು, ಡೀಸೆಲ್ ಗಾಡಿಯಾದರೆ ಎಷ್ಟು ಇಂಧನ ಚಿಮ್ಮಿಸಬೇಕು ಎಂಬುದನ್ನು ತಾನೇ ನಿರ್ಣಯಿಸುತ್ತದೆ. ಹಿಂದೆ ನಮ್ಮ ಕಾಲು ಆಜ್ಞೆ ಮಾಡುತ್ತಿತ್ತು. ಈಗ ಅರ್ಜಿ ಸಲ್ಲಿಸುತ್ತದೆ.

ಪೆಟ್ಟಿಗೆ ಕೂರುವುದು ಈ ಅರ್ಜಿಯ ದಾರಿಯಲ್ಲಿ. ಪೆಡಲಿನಿಂದ ಬಂದ ಸಂಕೇತವನ್ನು ಅದು ಹಿಡಿದು, ದೊಡ್ಡದು ಮಾಡಿ ಮುಂದೆ ಕಳಿಸುತ್ತದೆ. ಚಾಲಕ ಪೆಡಲನ್ನು ಶೇಕಡಾ 20ರಷ್ಟು ಒತ್ತಿದರೆ ಶೇಕಡಾ 40 ಎಂದೂ, ಶೇಕಡಾ 50ರಷ್ಟು ಒತ್ತಿದರೆ ಶೇಕಡಾ 80 ಎಂದೂ ಗಣಕಕ್ಕೆ ಹೇಳುತ್ತದೆ ಎಂದಿಟ್ಟುಕೊಳ್ಳಿ. ಪೂರ್ತಿ ಒತ್ತಿದಾಗ ಏನು ಹೇಳಬಲ್ಲದು? 100 ಎಂದೇ ಹೇಳಬೇಕು. ಅದಕ್ಕಿಂತ ದೊಡ್ಡ ಸಂಖ್ಯೆ ಆ ಭಾಷೆಯಲ್ಲಿಲ್ಲ. ವಿಷಯದ ತಿರುಳು ಇಷ್ಟೇ. ಪೆಡಲಿನ ಕೊನೆಯಲ್ಲಿದ್ದುದನ್ನು ಈ ಉಪಕರಣ ಮೊದಲಿಗೆ ತಂದಿಡುತ್ತದೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ.

ಮನೆಯ ನಳದ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾದೀತು. ಮೂರು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ ನಳವೊಂದಿದೆ. ಅದನ್ನು ತೆಗೆದು, ಕಾಲು ಸುತ್ತಿಗೇ ಪೂರ್ತಿ ತೆರೆಯುವ ನಳ ಹಾಕಿದಿರಿ. ಕೈಯಿಟ್ಟ ಕೂಡಲೇ ನೀರು ರಭಸದಿಂದ ಬೀಳುತ್ತದೆ, ನಿಜ. ಆದರೆ ಕೊಡ ತುಂಬುವ ವೇಗ ಮಾಳಿಗೆಯ ಮೇಲಿನ ಟಾಕಿಯ ಎತ್ತರಕ್ಕೂ ಪೈಪಿನ ಅಗಲಕ್ಕೂ ಸೇರಿದ್ದು. ನಳದ ಹಿಡಿಯನ್ನು ಬದಲಿಸಿದ ಮಾತ್ರಕ್ಕೆ ಟಾಕಿ ಎತ್ತರವಾಗುವುದಿಲ್ಲ. ಅಷ್ಟೇ ಅಲ್ಲ, ಬೆರಳಷ್ಟು ದಪ್ಪದ ಧಾರೆ ಬೇಕಾದಾಗ ಅದನ್ನು ಪಡೆಯುವುದು ಮೊದಲಿಗಿಂತ ಕಷ್ಟವಾಗುತ್ತದೆ.

ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ತರಲು ಸುಮಾರು 1,67,000 ಜೂಲುಗಳಷ್ಟು ಶಕ್ತಿ ಬೇಕು. ಈ ಕೆಲಸ 10 ಸೆಕೆಂಡಿನಲ್ಲಿ ಆಗಬೇಕಾದರೆ, ಗಾಳಿಯ ಮತ್ತು ಗಾಲಿಗಳ ತಡೆಯನ್ನು ಬಿಟ್ಟರೂ, ಸರಾಸರಿ 22 ಅಶ್ವಸಾಮರ್ಥ್ಯ ಬೇಕಾಗುತ್ತದೆ. ಇದು ಬರಬೇಕಾದದ್ದು ಇಂಧನ ಉರಿಯುವುದರಿಂದ. ಉರಿಯಲು ಗಾಳಿ ಬೇಕು. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ. ಎಂಜಿನಿನ ಗಾತ್ರವನ್ನಾಗಲಿ, ಅದು ಎಳೆದುಕೊಳ್ಳುವ ಗಾಳಿಯ ಮಿತಿಯನ್ನಾಗಲಿ ಐದು ವೋಲ್ಟಿನ ಸಂಕೇತವನ್ನು ತಿದ್ದುವ ಪೆಟ್ಟಿಗೆ ಮುಟ್ಟಲಾರದು. ಟರ್ಬೋ ಇರುವ ಗಾಡಿಗಳಲ್ಲಂತೂ, ಹೊರಹೋಗುವ ಹೊಗೆಯ ರಭಸದಿಂದ ಟರ್ಬೋ ಚಕ್ರ ತಿರುಗಿ ವೇಗ ಹಿಡಿಯುವವರೆಗೆ ಎಂಜಿನಿಗೆ ಪೂರ್ಣ ಬಲ ಬರುವುದೇ ಇಲ್ಲ. ಆ ಚಕ್ರ ಪೆಟ್ಟಿಗೆಯ ಮಾತನ್ನು ಕೇಳುವುದಿಲ್ಲ. ಇಂಧನದ ಲೆಕ್ಕವನ್ನೇ ತಿದ್ದಿ ಎಂಜಿನಿನ ಬಲ ಹೆಚ್ಚಿಸುವ 'ರಿಮ್ಯಾಪ್' ಎಂಬ ಬೇರೊಂದು ಪದ್ಧತಿಯುಂಟು. ಅದರ ಲಾಭನಷ್ಟಗಳು ಬೇರೆ. ಅದನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು.

ಲೆಕ್ಕ ಕೇಳಿದ ಅಳಿಯನಿಗೆ ಸಮಾಧಾನವಾಗಲಿಲ್ಲ. ಸರಿ, ಅಳೆದೇ ನೋಡೋಣ ಎಂದು ಒಂದು ಭಾನುವಾರ ಬೆಳಗಿನ ಜಾವ, ಊರ ಹೊರಗೆ ನೇರವಾದ ನಿರ್ಜನ ರಸ್ತೆಯ ತುಂಡೊಂದಕ್ಕೆ ಹೋದೆವು. ಅವನು ಚಾಲಕ; ನನ್ನ ಕೈಯಲ್ಲಿ ಮೊಬೈಲಿನ ಗಡಿಯಾರ. ಮೂರನೆಯ ಗೇರಿನಲ್ಲಿ, ಪೆಡಲನ್ನು ಪೂರ್ತಿ ಒತ್ತಿ, 30ರಿಂದ 60 ಕಿಲೋಮೀಟರ್ ವೇಗಕ್ಕೆ ಬರಲು ಎಷ್ಟು ಹೊತ್ತು? ಪೆಟ್ಟಿಗೆಯನ್ನು ಒಮ್ಮೆ ಚಾಲೂ ಮಾಡಿ, ಒಮ್ಮೆ ಬಂದು ಮಾಡಿ, ರಸ್ತೆಯ ಇಳುಕಲು ಮೋಸ ಮಾಡದಂತೆ ಎರಡೂ ದಿಕ್ಕಿನಲ್ಲಿ ಓಡಿಸಿ, ಐದೈದು ಸಲ ಅಳೆದೆವು. ಪೆಟ್ಟಿಗೆ ಇದ್ದಾಗಲೂ ಇಲ್ಲದಾಗಲೂ ಬಂದ ಅಂತರ, ಒಂದೇ ರೀತಿಯ ಎರಡು ಓಟಗಳ ನಡುವಣ ಅಂತರಕ್ಕಿಂತ ದೊಡ್ಡದಾಗಿರಲಿಲ್ಲ. ನನ್ನ ಬೆರಳಿನ ತಪ್ಪಿನಷ್ಟೇ ಅದು. ಪೆಡಲನ್ನು ಸುಮಾರು ಅರ್ಧ ಒತ್ತಿ ನೋಡಿದಾಗ ಮಾತ್ರ ಪೆಟ್ಟಿಗೆ ನಿಶ್ಚಯವಾಗಿ ಮುಂದಾಯಿತು. ಇಂಥ ಉಪಕರಣವುಳ್ಳ ಯಾರೂ ಜನಸಂಚಾರವಿಲ್ಲದ ಎಡೆಯಲ್ಲಿ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಗಡಿಯಾರ ಹಿಡಿಯಲು ಇನ್ನೊಬ್ಬರಿರಲಿ.

"ಹಾಗಾದರೆ ಹಾನಿಯೇನು? ಬಲ ಹೆಚ್ಚದಿದ್ದರೂ ಕಾಲಿಗೆ ಸುಖವಾಯಿತಲ್ಲ!" ಎಂದು ಕೇಳುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಕೆಲವು ಗಾಡಿಗಳ ಪೆಡಲು ಮೊದಲ ಒಂದೆರಡು ಅಂಗುಲದಲ್ಲಿ ನಿದ್ದೆಯಲ್ಲಿದ್ದಂತೆ ಇರುವುದು ದಿಟ. ಆದರೆ ಆ ಮಂದತೆ ತಯಾರಿಸಿದವರ ಮರೆವಲ್ಲ. ದಿಢೀರನೆ ಇಂಧನ ಸುರಿದರೆ ಅದು ಪೂರ್ತಿ ಉರಿಯದೆ ಹೊಗೆಯಾಗುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳು ಹೊಗೆಯ ಮಿತಿಯನ್ನು ಬಹಳ ಬಿಗಿ ಮಾಡಿವೆ. ಕ್ಲಚ್ಚಿಗೂ ಗೇರಿನ ಹಲ್ಲುಗಳಿಗೂ ಪೆಟ್ಟು ಬೀಳಬಾರದೆಂಬುದು ಇನ್ನೊಂದು ಕಾರಣ. ಮೂರನೆಯ ಕಾರಣ ಇನ್ನೂ ಸರಳವಾದದ್ದು: ಅಲುಗಾಡುವ ಗಾಡಿಯಲ್ಲಿ ಕಾಲೂ ಅಲುಗಾಡುತ್ತದೆ.

ಈ ಮೂರನೆಯ ಕಾರಣ ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಸೇಡಂ, ಚಿತ್ತಾಪುರ ತಾಲೂಕುಗಳ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಶಹಾಬಾದಿನ ಹಾಸುಗಲ್ಲು ದೂರದ ಊರುಗಳ ಅಂಗಳಕ್ಕೂ ಹೋಗಿದೆ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟಿನ ದೊಡ್ಡ ಕಾರ್ಖಾನೆಗಳು ನಡೆಯುತ್ತಿವೆ. ಕಲ್ಲೂ ಸಿಮೆಂಟೂ ಹೇರಿದ ಲಾರಿಗಳ ಭಾರಕ್ಕೆ ಡಾಂಬರು ಕುಸಿದು ಅಲೆಯಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಕುಲುಕಾಟಕ್ಕೆ ಕಾಲು ಶೇಕಡಾ 2ರಷ್ಟು ನಡುಗಿದರೆ ಪೆಟ್ಟಿಗೆ ಅದನ್ನು ಶೇಕಡಾ 4 ಮಾಡುತ್ತದೆ. ಗಾಡಿ ಎಳೆಯುತ್ತದೆ; ಎಳೆತಕ್ಕೆ ಮೈ ಹಿಂದಕ್ಕೆ ವಾಲಿ ಕಾಲು ಸಡಿಲುತ್ತದೆ; ಗಾಡಿ ತಡೆಯುತ್ತದೆ; ಮೈ ಮುಂದಕ್ಕೆ ವಾಲಿ ಕಾಲು ಮತ್ತೆ ಒತ್ತುತ್ತದೆ. ಹಿಂದಿನ ಸೀಟಿನ ಮುದುಕರು ಇದರ ಫಲವನ್ನು ಮೊದಲು ತಿಳಿಯುತ್ತಾರೆ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಳು ತೊಗರಿಯ ಹೊಲದಿಂದ ಎರೆಮಣ್ಣನ್ನು ರಸ್ತೆಗೆ ತಂದಾಗ, ಕಲ್ಲಿನ ಪುಡಿ ನೀರು ಕುಡಿದು ಸವಕಲು ಡಾಂಬರಿನ ಮೇಲೆ ಕೆಸರಾದಾಗ, ಚಿಂಚೋಳಿಯ ಕಡೆ ಕಾಡಿನ ತಿರುವುಗಳಲ್ಲಿ ಕೆಮ್ಮಣ್ಣು ಹರಿದಾಗ, ಬೇಕಾದುದು ಜಿಗಿತವಲ್ಲ. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಲ್ಲ ಸೂಕ್ಷ್ಮತೆ ಬೇಕು. ಪೆಟ್ಟಿಗೆ ಕಸಿದುಕೊಳ್ಳುವುದು ಅದನ್ನೇ.

ಇಷ್ಟಾದರೂ ಇವು ಅಡಚಣೆಗಳು, ಅಪಾಯಗಳಲ್ಲ ಎನ್ನಬಹುದು. ಅಪಾಯದ ಮಾತು ಈಗ ಬರುತ್ತದೆ.

ಕೆಲವು ದಿನಗಳ ಮೇಲೆ ಚಿತ್ತಾಪುರದಿಂದ ವಾಡಿಗೆ ಅದೇ ಕಾರಿನಲ್ಲಿ ಹೋಗುತ್ತಿದ್ದೆವು. ಹಿಂದೆ ಅಳಿಯನ ಹೆಂಡತಿ, ಮಗು. ಮುಂದೆ ಒಂದು ಸಿಮೆಂಟಿನ ಬಲ್ಕರ್ ತೆವಳುತ್ತಿತ್ತು. ಹಾದಿ ತೆರವಾದಂತೆ ಕಂಡಿತು. ಅಳಿಯ ಹೊರಗೆ ತೆಗೆದ. ಗಾಡಿ ಎಂದಿನಂತೆ ಜಿಗಿದು ಬಲ್ಕರಿನ ಅರ್ಧದವರೆಗೆ ಬಂತು. ಅಷ್ಟರಲ್ಲಿ ಎದುರಿಗೆ ಬಸ್ಸು ಕಾಣಿಸಿತು. ಅವನು ಪೆಡಲನ್ನು ಇನ್ನಷ್ಟು ಒತ್ತಿದ. ಏನೂ ಆಗಲಿಲ್ಲ. ಆಗುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಇದ್ದ ಬಲವನ್ನೆಲ್ಲ ಪೆಡಲಿನ ಮೊದಲರ್ಧವೇ ಖರ್ಚು ಮಾಡಿತ್ತು. ಅವನು ಬ್ರೇಕು ಹಾಕಿ ಹಿಂದೆ ಸರಿದು ಬಲ್ಕರಿನ ಬೆನ್ನಿಗೆ ಸೇರಿಕೊಂಡ. ಬಸ್ಸು ಹಾರನ್ನು ಬಾರಿಸುತ್ತ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲನೆ, "ಎಳೀತದ ಅಂತ ತಿಳ್ಕೊಂಡಿದ್ದೆ, ಮಾಮಾ" ಎಂದ.

ನನ್ನ ಆಕ್ಷೇಪಣೆಯೆಲ್ಲ ಈ ಒಂದು ಮಾತಿನಲ್ಲಿದೆ. ಅನುಭವಿ ಚಾಲಕನ ಕಾಲು ಒಂದು ಅಳತೆಗೋಲು. ಪೆಡಲು ಇಷ್ಟು ಇಳಿದಿದೆ, ಇನ್ನಿಷ್ಟು ಉಳಿದಿದೆ ಎಂಬ ಅರಿವಿನಿಂದಲೇ ಅವನು ಈ ಲಾರಿಯನ್ನು ದಾಟಬಹುದೆ, ಕಾಯಬೇಕೆ ಎಂಬುದನ್ನು ನಿಶ್ಚಯಿಸುತ್ತಾನೆ. 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಎದುರಿನ ಗಾಡಿಯೂ ಅಷ್ಟೇ ವೇಗದಲ್ಲಿದ್ದರೆ ನಡುವಣ ಅಂತರ ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ನಿಶ್ಚಯ ತಪ್ಪಿದರೆ ತಿದ್ದಿಕೊಳ್ಳಲು ಸಿಗುವುದು ಎರಡು ಮೂರು ಸೆಕೆಂಡು. ಪೆಟ್ಟಿಗೆ ಎಂಜಿನನ್ನು ಬಲಪಡಿಸದೆ, ಎಂಜಿನು ಬಲವಾಗಿದೆಯೆಂಬ ನಂಬಿಕೆಯನ್ನು ಬಲಪಡಿಸುತ್ತದೆ. ಓವರ್‌ಟೇಕ್ ಮಾಡಲು ಅನುಕೂಲವೆಂದೇ ಇದನ್ನು ಮಾರುವುದುಂಟು. ದಾಟುವಾಗ ಕಾಲು ಹೇಗೂ ತಳ ಮುಟ್ಟಿರುತ್ತದೆ. ಆಗ ಇದರ ಸಹಾಯ ಸೊನ್ನೆ. ಮೂರನೆಯ ಗೇರಿಗೆ ಇಳಿಸಿದ್ದರೆ ಸಿಗುತ್ತಿದ್ದ ನಿಜವಾದ ಎಳೆತಕ್ಕೆ ಇದು ಬದಲಿಯಲ್ಲ.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಪೆಡಲಿನ ಬುಡದಲ್ಲಿರುವ ಸೆನ್ಸರು ಒಂದಲ್ಲ, ಎರಡು. ಸಾಮಾನ್ಯವಾದ ಒಂದು ಏರ್ಪಾಡಿನಲ್ಲಿ ಒಂದರ ವೋಲ್ಟು ಯಾವಾಗಲೂ ಇನ್ನೊಂದರ ಅರ್ಧದಷ್ಟಿರುತ್ತದೆ. ಏಕೆ ಎರಡು? ನ್ಯಾಯಸ್ಥಾನದಲ್ಲಿ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆಯಾಗಿ ಕೇಳುವ ಕಾರಣಕ್ಕೇ. ಒಂದು ಸೆನ್ಸರು ಕೆಟ್ಟು ಸುಳ್ಳು ಹೇಳಿದರೆ ಎರಡರ ಮಾತು ತಾಳೆಯಾಗುವುದಿಲ್ಲ. ಕೂಡಲೇ ಗಣಕವು ಎಂಜಿನಿನ ಬಲವನ್ನು ಕುಗ್ಗಿಸಿ, ಎಚ್ಚರಿಕೆಯ ದೀಪ ಹೊತ್ತಿಸಿ, ಗಾಡಿ ಮೆಲ್ಲಗೆ ಮನೆ ಸೇರುವಷ್ಟು ಮಾತ್ರ ಓಡಿಸುತ್ತದೆ. ಪೆಡಲು ಬಿಟ್ಟರೂ ಗಾಡಿ ತಾನಾಗಿ ಓಡುವಂಥ ದುರಂತವನ್ನು ತಡೆಯಲು ಎಂಜಿನಿಯರುಗಳು ಕಟ್ಟಿದ ಬೇಲಿ ಇದು. ಈಗ ಪೆಟ್ಟಿಗೆಯನ್ನು ನಡುವೆ ಇಟ್ಟರೆ ಇಬ್ಬರು ಸಾಕ್ಷಿಗಳ ಮಾತನ್ನೂ ಒಬ್ಬನೇ ದುಭಾಷಿ ಹೇಳುವಂತಾಗುತ್ತದೆ. ಎರಡು ಸಂಕೇತಗಳನ್ನೂ ಅವು ಪರಸ್ಪರ ಹೊಂದುವಂತೆಯೇ ತಿದ್ದುವುದು ಅದರ ಕಸುಬು. ಹಾಗೆ ತಿದ್ದದಿದ್ದರೆ ಗಣಕಕ್ಕೆ ಅನುಮಾನ ಬಂದು ಗಾಡಿ ಮುಂದೆ ಹೋಗದು. ಚೆನ್ನಾಗಿ ಮಾಡಿದ ಪೆಟ್ಟಿಗೆ ಎಂದೂ ಕೆಡದಿರಬಹುದು. ಆದರೆ ಬಿಸಿಲಿಗೆ ಕಾದು, ಸಿಮೆಂಟಿನ ಧೂಳು ಕುಡಿದು, ಕುಲುಕಿ ಕುಲುಕಿ ಅದರ ಕನೆಕ್ಟರು ಸಡಿಲಾದ ದಿನ, ತಪ್ಪನ್ನು ಕಂಡುಹಿಡಿಯಬೇಕಾದ ಏರ್ಪಾಡೇ ಅದರ ಮೂಲಕ ಹಾದುಹೋಗುತ್ತಿರುತ್ತದೆ. ವಾರಂಟಿ ಇರುವ ಗಾಡಿಯವರು ಇಂಥ ಜೋಡಣೆಯ ಬಗ್ಗೆ ಕಂಪನಿಯ ಪುಸ್ತಕದಲ್ಲಿ ಏನಿದೆ ಎಂದು ಮೊದಲೇ ಓದಿಕೊಳ್ಳುವುದು ಮೇಲು.

ಹಾಗಾದರೆ ಯಾರಿಗೂ ಇದು ಬೇಡವೆ? ಕಾಲಿನ ನೋವಿನಿಂದ ಪೆಡಲನ್ನು ಆಳಕ್ಕೆ ಒತ್ತಲಾರದವರಿಗೆ ಇದು ಸಹಾಯಕವಾದೀತು. ಹಲವು ಪೆಟ್ಟಿಗೆಗಳಲ್ಲಿ ಸಂಕೇತವನ್ನು ಕುಗ್ಗಿಸುವ ಏರ್ಪಾಡೂ ಉಂಟು. ಹೊಸದಾಗಿ ಕಲಿಯುವವರ ಕೈಗೆ ಚುರುಕಾದ ಗಾಡಿ ಕೊಡಬೇಕಾದಾಗ ಅದು ಉಪಯುಕ್ತ. ಆದರೆ ಗಾಡಿಯಲ್ಲೇ ಇಕೋ, ಸ್ಪೋರ್ಟ್ ಎಂಬ ಗುಂಡಿಗಳಿದ್ದರೆ ಅವೂ ಪೆಡಲಿನ ಓಗೊಡುವಿಕೆಯನ್ನು ಬದಲಿಸುತ್ತವೆ. ಅವನ್ನು ಗಾಡಿ ಮಾಡಿದವರೇ ಬೇಲಿಯೊಳಗೆ ಇಟ್ಟಿದ್ದಾರೆ.

ನಿಜವಾಗಿ ಪಿಕಪ್ ಕುಗ್ಗಿದ್ದರೆ, ಅದನ್ನು ಕದ್ದವರು ಯಾರೆಂದು ಹುಡುಕುವುದು ಮೊದಲ ಕೆಲಸ. ವಾಡಿ ಶಹಾಬಾದುಗಳ ಕಡೆ ಓಡಾಡುವ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಏರ್ ಫಿಲ್ಟರನ್ನು. ಎಂಜಿನು ಉಸಿರಾಡುವ ಗಾಳಿಯನ್ನು ಸೋಸುವ ಈ ಕಾಗದದ ಮಡಿಕೆಗಳಲ್ಲಿ ಧೂಳು ತುಂಬಿದರೆ ಗಾಳಿ ಸಾಲದೆ ಎಳೆತ ತಗ್ಗುತ್ತದೆ. ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಗಣಕವು ಇಂಧನವನ್ನು ಗಾಳಿಗೆ ಸರಿಯಾಗಿ ಹೊಂದಿಸುವುದರಿಂದ ಮೈಲೇಜಿನಲ್ಲಿ ಅಷ್ಟಾಗಿ ಗೊತ್ತಾಗದು. ಪಿಕಪ್ಪಿನಲ್ಲಿ ಮಾತ್ರ ಗೊತ್ತಾಗುತ್ತದೆ. ಪುಸ್ತಕದಲ್ಲಿ ಬರೆದ ಅವಧಿ ಸಾಧಾರಣ ರಸ್ತೆಗಳಿಗೆ. ಧೂಳಿನ ಸೀಮೆಯಲ್ಲಿ ಅದಕ್ಕೂ ಮೊದಲೇ ಬದಲಿಸಬೇಕು. ಅನಂತರ ಟಯರಿನ ಗಾಳಿ, ಹಿಡಿದುಕೊಂಡ ಬ್ರೇಕು, ಸವೆದ ಕ್ಲಚ್ಚು. ಅಳಿಯನ ಗಾಡಿಯ ಫಿಲ್ಟರನ್ನು ಹೊರತೆಗೆದು ನೆಲಕ್ಕೆ ತಟ್ಟಿದಾಗ ಹಿಟ್ಟಿನ ಗಿರಣಿಯ ನೆನಪು ಬಂತು. ಹೊಸದು ಕೆಲವೇ ನೂರು ರೂಪಾಯಿಗೆ ಬಂತು. ಅದೇ ರಸ್ತೆಯಲ್ಲಿ ಮತ್ತೆ ಅಳೆದೆವು. ಈ ಸಲ ಗಡಿಯಾರ ಬದಲಾಯಿತು; ಹೆಚ್ಚಲ್ಲ, ಆದರೆ ಬೆರಳಿನ ತಪ್ಪನ್ನು ಮೀರುವಷ್ಟು.

ಆದುದರಿಂದ ನನ್ನ ಅಭಿಪ್ರಾಯ ಇದು: ಶಕ್ತಿಗಾಗಿ ಈ ಪೆಟ್ಟಿಗೆಯನ್ನು ಕೊಳ್ಳುವವರು ಇಲ್ಲದ ಸರಕಿಗೆ ಬೆಲೆ ಕೊಡುತ್ತಾರೆ, ಸುಖಕ್ಕಾಗಿ ಕೊಳ್ಳುವವರು ಅದರೊಡನೆ ಬರುವ ನಷ್ಟವನ್ನು ತಿಳಿದು ಕೊಳ್ಳಬೇಕು, ಲಾರಿಗಳನ್ನು ದಾಟುವುದಕ್ಕಾಗಿ ಕೊಳ್ಳುವವರು ದಯವಿಟ್ಟು ಕೊಳ್ಳಬಾರದು. ಆ ಹಣದಲ್ಲಿ ಫಿಲ್ಟರು, ಟಯರು, ಬ್ರೇಕುಗಳನ್ನು ನೋಡಿಕೊಳ್ಳಲಿ. ಅಳಿಯ ಇನ್ನೂ ಪೆಟ್ಟಿಗೆಯನ್ನು ಮಾರಿಲ್ಲ. ಆದರೆ ಹೆಂಡತಿ ಮಕ್ಕಳೊಡನೆ ಹೊರಟ ದಿನ ಅದನ್ನು ಕಳಚಿ, ಪೆಡಲಿನ ತಂತಿಯನ್ನು ಮೊದಲಿನಂತೆ ಸೇರಿಸಿಕೊಂಡೇ ಹೊರಡುತ್ತಾನೆ.